ಕುದಿಯಲ್ಲಿ ಕೆಡದ ಕಿಣ್ವ

‘ಕಿಣ್ವ’ ಎಂಬ ಮಾತನ್ನು ಇಂದು ಪ್ರೌಢಶಾಲೆಯ ಮಕ್ಕಳೂ ಬಲ್ಲರು. ಜೀವಿಗಳ ಒಡಲಿನಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳಿಗೆ ವೇಗವನ್ನು ತಂದುಕೊಟ್ಟು, ತಾನು ಮಾತ್ರ ವ್ಯಯವಾಗದೆ ಉಳಿಯುವ ವಸ್ತುವಿಗೆ ನಮ್ಮ ವಿಜ್ಞಾನ ಲೇಖಕರು ಬಳಕೆಗೆ ತಂದ ಹೆಸರು ಅದು. ಆದರೆ ಪದ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ವಿವರಿಸುವ ಭಾಗದಲ್ಲಿ ಈ ಪದ ಬರುತ್ತದೆ. ಮದ್ಯ ಹುಳಿಯೇರಲೆಂದು ಬೆರೆಸುವ ಹುದುಗು ಎಂಬುದು ಅಲ್ಲಿ ಅದರ ಅರ್ಥ. ಪಶ್ಚಿಮದ ಕಥೆಯೂ ಇದೇ. ಜರ್ಮನಿಯ ಶರೀರಶಾಸ್ತ್ರಜ್ಞ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ‘ಎನ್‌ಜೈಮ್’ ಎಂಬ ಪದವನ್ನು ಕಟ್ಟಿದಾಗ ‘ಹುದುಗಿನೊಳಗೆ ಇರುವುದು’ ಎಂಬ ಗ್ರೀಕ್ ಅರ್ಥವನ್ನೇ ಆಧಾರವಾಗಿ ಇಟ್ಟುಕೊಂಡ. ಎರಡು ದೂರದ ಭಾಷೆಗಳು ಒಂದೇ ಬಗೆಯ ಮಡಕೆಗೆ ಕೈಹಾಕಿ ಹೆಸರನ್ನು ತೆಗೆದುವು.

ನಾನು ಕನ್ನಡ ಎಂ.ಎ. ಓದಿ, ಅದನ್ನೇ ಕಲಿಸಿ ನಿವೃತ್ತನಾದವನು. ರಸಾಯನಶಾಸ್ತ್ರ ನನ್ನ ಕ್ಷೇತ್ರವಲ್ಲ. ಒಂದು ಪದದ ಬೆನ್ನು ಹಿಡಿದು ಹೊರಟವನಿಗೆ ದಾರಿಯಲ್ಲಿ ಒಂದು ಇತಿಹಾಸ ಎದುರಾಯಿತು. ಬೆಂಕಿಗೂ ಜೀವಕ್ಕೂ ಇರುವ ಹಳೆಯ ವೈರ, ಆ ವೈರವನ್ನು ಮೀರಿದ ಕೆಲವು ಅಲ್ಪಜೀವಿಗಳು, ಅವುಗಳಿಂದ ಮನುಷ್ಯನ ಕೈಗಾರಿಕೆ ಪಡೆದ ಲಾಭ, ಆ ಲಾಭದ ಹಿಂದೆ ಉಳಿದಿರುವ ಋಣ, ಇವು ಆ ಇತಿಹಾಸದ ವಸ್ತು.

ವೈರದಿಂದಲೇ ತೊಡಗೋಣ. ಹಾಲು ಕೆಡಬಾರದೆಂದು ನಾವು ಕಾಯಿಸುತ್ತೇವೆ. ಕಾಯಿಸಿದಾಗ ಅದರೊಳಗಿನ ಸೂಕ್ಷ್ಮಜೀವಿಗಳು ಸಾಯುತ್ತವೆ, ಅವುಗಳ ಕಿಣ್ವಗಳು ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತವೆ. ಏಕೆಂದರೆ ಕಿಣ್ವಗಳು ಸಾಮಾನ್ಯವಾಗಿ ಸಸಾರಜನಕಗಳು, ಅಂದರೆ ಪ್ರೋಟೀನುಗಳು. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಒಂದು ಕಿಣ್ವವನ್ನು ಹರಳಿನ ರೂಪದಲ್ಲಿ ಪಡೆದು ಈ ಸಂಗತಿಯನ್ನು ತೋರಿಸಿದ. ಅದು ಒಪ್ಪಿಗೆಯಾಗಲು ಕೆಲವು ವರ್ಷಗಳು ಹಿಡಿದುವು. ಪ್ರೋಟೀನೆಂಬುದು ಉದ್ದವಾದ ಒಂದು ಸರಪಣಿ. ಆದರೆ ಅದು ನಿರ್ದಿಷ್ಟವಾದ ರೀತಿಯಲ್ಲಿ ಮಡಿಚಿಕೊಂಡಾಗ ಮಾತ್ರ ಕೆಲಸ ಮಾಡಬಲ್ಲುದು. ಶಾಖ ಏರಿದರೆ ಮಡಿಕೆ ಬಿಚ್ಚಿಹೋಗುತ್ತದೆ. ಮೊಟ್ಟೆಯ ಲೋಳೆ ಬೆಂದು ಬೆಳ್ಳಗೆ ಗಟ್ಟಿಯಾದ ಮೇಲೆ ತಣ್ಣೀರಿನಲ್ಲಿ ಎಷ್ಟು ಹೊತ್ತು ಇಟ್ಟರೂ ಮತ್ತೆ ಲೋಳೆಯಾಗುವುದುಂಟೆ? ಕಿಣ್ವದ ಗತಿಯೂ ಅದೇ.

ಇದು ಅಡುಗೆಮನೆಯ ಮಟ್ಟಿಗೆ ಅನುಕೂಲ. ಕಾರ್ಖಾನೆಯ ಮಟ್ಟಿಗೆ ಸಂಕಟ. ಆ ಸಂಕಟ ಎಂಥದೆಂಬುದನ್ನು ಪಿಷ್ಟದ, ಎಂದರೆ ಗಂಜಿಯ, ಚರಿತ್ರೆಯಿಂದ ತಿಳಿಯಬಹುದು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರವನ್ನು ತಡೆಯಲೆಂದು ಯೂರೋಪಿನ ಬಂದರುಗಳನ್ನು ಮುಚ್ಚಿಸಿದ. ಕೆರಿಬಿಯನ್ ದ್ವೀಪಗಳ ಕಬ್ಬಿನ ಸಕ್ಕರೆ ಯೂರೋಪಿನಲ್ಲಿ ದುರ್ಲಭವಾಯಿತು. ಆ ಕಾಲದಲ್ಲಿ, 1811ರಲ್ಲಿ, ಸೇಂಟ್ ಪೀಟರ್ಸ್‌ಬರ್ಗಿನ ರಸಾಯನಶಾಸ್ತ್ರಜ್ಞ ಕಿರ್ಕ್‌ಹಾಫ್ ಪಿಷ್ಟವನ್ನು ನೀರು ಬೆರೆಸಿದ ಗಂಧಕಾಮ್ಲದೊಡನೆ ಕುದಿಸಿ ಸಿಹಿಯಾದ ಪಾಕವನ್ನು ಪಡೆದ. ಸಿಹಿ ಬಂತು; ಆದರೆ ಆಮ್ಲಕ್ಕೆ ವಿವೇಚನೆಯಿಲ್ಲ. ಅದು ಪಿಷ್ಟವನ್ನು ಮುರಿಯುವಂತೆಯೇ ಹುಟ್ಟಿದ ಸಕ್ಕರೆಯನ್ನೂ ಕೆಡಿಸುತ್ತದೆ, ಪಾಕಕ್ಕೆ ಬಣ್ಣವನ್ನೂ ಕಹಿಯನ್ನೂ ತರುತ್ತದೆ, ಪಾತ್ರೆಯನ್ನು ತಿನ್ನುತ್ತದೆ, ಕೊನೆಗೆ ಅದನ್ನು ಶಮನಗೊಳಿಸಿದರೆ ಲವಣವಾಗಿ ಉಳಿಯುತ್ತದೆ.

1833ರಲ್ಲಿ ಪ್ಯಾರಿಸಿನ ಪಾಯೆನ್ ಮತ್ತು ಪೆರ್ಸೊ ಎಂಬ ಇಬ್ಬರು ಮೊಳಕೆ ಬರಿಸಿದ ಬಾರ್ಲಿಯಿಂದ ಒಂದು ಬಿಳಿಯ ಪುಡಿಯನ್ನು ಬೇರ್ಪಡಿಸಿದರು. ಆಮ್ಲದ ಹಂಗಿಲ್ಲದೆ ಪಿಷ್ಟವನ್ನು ಸಕ್ಕರೆಯಾಗಿಸುವ ಶಕ್ತಿ ಅದಕ್ಕಿತ್ತು. ಅವರು ಅದಕ್ಕೆ ‘ಡಯಾಸ್ಟೇಸ್’ ಎಂದು ಹೆಸರಿಟ್ಟರು. ಜೀವಿಯಿಂದ ಹೊರತೆಗೆದು ಹೀಗೆ ಹೆಸರಿಟ್ಟ ಮೊದಲ ಕಿಣ್ವ ಇದು. ಆಮ್ಲ ದೊಣ್ಣೆಯಾದರೆ ಇದು ಅಕ್ಕಸಾಲಿಗನ ಕತ್ತರಿ: ಎಲ್ಲಿ ಕತ್ತರಿಸಬೇಕೋ ಅಲ್ಲಿಯೇ ಕತ್ತರಿಸುವಂಥದು.

ಆದರೆ ಇಲ್ಲಿಯೇ ಒಂದು ಉಭಯಸಂಕಟ ಹುಟ್ಟಿತು. ಹಸಿಯ ಪಿಷ್ಟದ ಕಣ ಬಿಗಿಯಾಗಿ ಕಟ್ಟಿದ ಗಂಟು. ಕಿಣ್ವಕ್ಕೆ ಅದರೊಳಗೆ ಸುಲಭವಾಗಿ ಪ್ರವೇಶವಿಲ್ಲ. ಗಂಟು ಬಿಚ್ಚಬೇಕಾದರೆ ನೀರಿನಲ್ಲಿ ಚೆನ್ನಾಗಿ ಬೇಯಿಸಬೇಕು. ಬೇಯಿಸುವ ಶಾಖದಲ್ಲಿ ಕಿಣ್ವ ಉಳಿಯುವುದಿಲ್ಲ. ಬೆಂದ ಮೇಲೆ ಆರಿಸಿ ಹಾಕೋಣವೆಂದರೆ ಗಂಜಿ ಮಂದವಾಗುತ್ತದೆ. ಒಂದು ಪಾತ್ರೆಯಾದರೆ ಸೌಟಿನಿಂದ ಕದಡಬಹುದು. ನೂರಾರು ಮಣ ಗಂಜಿ ಕೊಳವೆಯಲ್ಲಿ ಹೆಪ್ಪುಗಟ್ಟಿ ನಿಂತರೆ ಕದಡುವವರು ಯಾರು? ಕುದಿಯುವ ಗಂಜಿಯಲ್ಲಿಯೇ ನಿಂತು ಕೆಲಸ ಮಾಡುವ ಕಿಣ್ವ ಬೇಕಾಗಿತ್ತು. ಅದು ಇದ್ದೀತೆಂದು ನಂಬಲು ಆಗ ಯಾವ ಕಾರಣವೂ ಇರಲಿಲ್ಲ.

ಮೊದಲ ಸುಳಿವು ಬಂದದ್ದು ಬಟ್ಟೆಯ ಗಿರಣಿಗಳ ಕಡೆಯಿಂದ. ಮಗ್ಗಕ್ಕೇರಿಸುವ ಮುನ್ನ ಹಾಸಿನ ಎಳೆಗೆ ಗಂಜಿ ಹಾಕುವುದು ನಮ್ಮ ನೇಕಾರರೆಲ್ಲರೂ ಬಲ್ಲ ವಿಷಯ. ಗಂಜಿಯಿಲ್ಲದಿದ್ದರೆ ಹೊಕ್ಕಿನ ಲಾಳಿ ಓಡಾಡುವ ರಭಸಕ್ಕೆ ಎಳೆ ಹರಿಯುತ್ತದೆ. ನೆಯ್ದ ಮೇಲೆ ಆ ಗಂಜಿ ಹೋಗದಿದ್ದರೆ ಬಟ್ಟೆಗೆ ಬಣ್ಣ ಸರಿಯಾಗಿ ಹಿಡಿಯದು. ಗಿರಣಿಗಳಲ್ಲಿ ಆಮ್ಲದಿಂದ ಗಂಜಿಯನ್ನು ತೆಗೆದರೆ ಕೆಲವೊಮ್ಮೆ ಹತ್ತಿಯ ನೂಲೂ ಸೊರಗುತ್ತಿತ್ತು. ಬ್ವಾದೆಂ ಮತ್ತು ಎಫ್ರೋಂ ಎಂಬ ವಿಜ್ಞಾನಿಗಳು ಬೇಸಿಲಸ್ ಕುಲದ ಬ್ಯಾಕ್ಟೀರಿಯಗಳನ್ನು ಬೆಳೆಸಿ, ಅವು ಹೊರಸೂಸುವ ಪಿಷ್ಟಭೇದಕ ಕಿಣ್ವವನ್ನು ಈ ಕೆಲಸಕ್ಕೆ ತಂದರು. 1917ರಲ್ಲಿ ಅಮೆರಿಕದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಈ ಕಿಣ್ವ ಬಾರ್ಲಿಯ ಕಿಣ್ವಕ್ಕಿಂತ ಹೆಚ್ಚಿನ ಬಿಸಿಯನ್ನು ತಾಳಿಕೊಂಡಿತು. ನೂಲಿಗೆ ಹಾನಿಯಾಗದೆ ಗಂಜಿ ಕರಗಿ ಹೋಯಿತು.

ಪೂರ್ಣವಾದ ಉತ್ತರ ದೊರೆಯಲು ಇನ್ನೂ ಅರ್ಧ ಶತಮಾನ ಹಿಡಿಯಿತು. 1970ರ ದಶಕದ ಆರಂಭದಲ್ಲಿ ಡೆನ್ಮಾರ್ಕಿನ ನೋವೋ ಸಂಸ್ಥೆ ಬೇಸಿಲಸ್ ಲೈಕೆನಿಫಾರ್ಮಿಸ್ ಎಂಬ ಬ್ಯಾಕ್ಟೀರಿಯದಿಂದ ತೆಗೆದ ಕಿಣ್ವವನ್ನು ‘ಟರ್ಮಮಿಲ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಈ ಜೀವಿಯೇನೂ ಬಿಸಿನೀರಿನ ಬುಗ್ಗೆಯದಲ್ಲ, ಸಾಧಾರಣವಾದ ಮಣ್ಣಿನದು. ಆದರೂ ಅದರ ಕಿಣ್ವ ಅದಕ್ಕಿಂತ ಗಟ್ಟಿ! ಪಿಷ್ಟವನ್ನು ನೀರಿನಲ್ಲಿ ಕದಡಿ, ಸ್ವಲ್ಪ ಸುಣ್ಣದ ಅಂಶವಿರುವಂತೆ ನೋಡಿಕೊಂಡು, ಕಿಣ್ವವನ್ನು ಮೊದಲೇ ಬೆರೆಸಿ, ಆವಿಯ ರಭಸದಿಂದ ಸುಮಾರು 105 ಸೆಂಟಿಗ್ರೇಡ್ ಡಿಗ್ರಿಗೆ ಏರಿಸುತ್ತಾರೆ. ಕೆಲವು ನಿಮಿಷಗಳಾದ ಮೇಲೆ ಸುಮಾರು 95 ಡಿಗ್ರಿಗೆ ಇಳಿಸಿ ಒಂದೆರಡು ಗಂಟೆ ಬಿಡುತ್ತಾರೆ. ಗಂಜಿ ಹೆಪ್ಪುಗಟ್ಟುವ ಮೊದಲೇ ತೆಳುವಾಗಿಬಿಡುತ್ತದೆ. ಬೇಯುವುದೂ ಮುರಿಯುವುದೂ ಒಟ್ಟಿಗೆ ನಡೆಯಬೇಕೆಂಬ ಆಸೆ ಹೀಗೆ ಕೈಗೂಡಿತು. ಅಷ್ಟು ಶಾಖದಲ್ಲಿ ಬೇರೆ ಸೂಕ್ಷ್ಮಜೀವಿಗಳು ನುಸುಳಿ ಪಾಕವನ್ನು ಹುಳಿಯಾಗಿಸುವ ಭಯವೂ ಇಲ್ಲ.

ಇದರ ಫಲ ಪ್ರಯೋಗಶಾಲೆಯಲ್ಲಿಯೇ ನಿಲ್ಲಲಿಲ್ಲ. ತೆಳುವಾದ ಗಂಜಿಯನ್ನು ಒಂದು ಬೂಷ್ಟಿನ ಕಿಣ್ವ 60 ಡಿಗ್ರಿಯ ಆಸುಪಾಸಿನಲ್ಲಿ ಗ್ಲೂಕೋಸಾಗಿಸುತ್ತದೆ. ಬ್ಯಾಕ್ಟೀರಿಯದಿಂದಲೇ ಬಂದ ಮತ್ತೊಂದು ಕಿಣ್ವ ಆ ಗ್ಲೂಕೋಸಿನ ಒಂದು ಭಾಗವನ್ನು ಹೆಚ್ಚು ಸಿಹಿಯಾದ ಫ್ರಕ್ಟೋಸಾಗಿ ತಿರುಗಿಸುತ್ತದೆ. ಜಪಾನಿನಲ್ಲಿ ಬೆಳೆದ ಈ ವಿದ್ಯೆಯನ್ನು ಅಮೆರಿಕದ ಅಯೋವಾ ಪ್ರಾಂತದ ಕ್ಲಿಂಟನ್ ಕಂಪನಿ 1967ರಲ್ಲಿ ವ್ಯಾಪಾರಕ್ಕೆ ತಂದಿತು. ಕಿಣ್ವವನ್ನು ಗಟ್ಟಿಯಾದ ಕಣಗಳಿಗೆ ಅಂಟಿಸಿ ಕಂಬದಂಥ ಪಾತ್ರೆಯಲ್ಲಿ ತುಂಬಿದರೆ, 55–60 ಡಿಗ್ರಿಯ ಪಾಕ ಅದರ ಮೂಲಕ ಎಡೆಬಿಡದೆ ಹರಿಯುತ್ತದೆ. ಒಂದೇ ಕಿಣ್ವ ವಾರಗಟ್ಟಲೆ ದುಡಿಯುತ್ತದೆ. 1984ರಲ್ಲಿ ಅಮೆರಿಕದ ಎರಡು ದೊಡ್ಡ ತಂಪುಪಾನೀಯ ಕಂಪನಿಗಳು ಅಲ್ಲಿನ ತಮ್ಮ ಪಾನೀಯಗಳಿಗೆ ಸಕ್ಕರೆಯ ಬದಲು ಮೆಕ್ಕೆಜೋಳದ ಈ ಪಾಕವನ್ನೇ ಪೂರ್ತಿಯಾಗಿ ಬಳಸಲು ಒಪ್ಪಿದುವು. ಕಬ್ಬು ಬೆಳೆದು ಅಮೆರಿಕಕ್ಕೆ ಸಕ್ಕರೆ ಕಳಿಸುತ್ತಿದ್ದ ಬಡದೇಶಗಳ ಪಾಲಿಗೆ ಆ ಮಾರುಕಟ್ಟೆ ಕುಗ್ಗಿತು. ಕಣ್ಣಿಗೆ ಕಾಣದ ಒಂದು ಜೀವಿಯ ರಸ ಕಾಣದ ದೇಶದ ರೈತನ ಗದ್ದೆಯವರೆಗೂ ಹರಿದುಬಂದ ಬಗೆ ಇದು.

ಇನ್ನೊಂದು ನಿದರ್ಶನ ಕತ್ತರಿಯನ್ನೇ ಸೂಜಿಯಾಗಿಸಿದ ಚಮತ್ಕಾರ. ಥರ್ಮೊಲೈಸಿನ್ ಎಂಬುದು 1962ರಲ್ಲಿ ಜಪಾನಿನಲ್ಲಿ ವರದಿಯಾದ, ಶಾಖಪ್ರಿಯ ಬ್ಯಾಕ್ಟೀರಿಯದ ಕಿಣ್ವ. ಪ್ರೋಟೀನನ್ನು ಕತ್ತರಿಸುವುದು ಅದರ ಸಹಜಧರ್ಮ. ಆದರೆ ರಾಸಾಯನಿಕ ಕ್ರಿಯೆಗಳು ಹಿಂದಕ್ಕೂ ನಡೆಯಬಲ್ಲುವು. ಎರಡು ಅಮೈನೋ ಆಮ್ಲಗಳ ತುಂಡುಗಳನ್ನು ಬೆಸೆದು ಆಸ್ಪರ್ಟೇಮ್ ಎಂಬ ಕೃತಕ ಸಿಹಿಯನ್ನು ತಯಾರಿಸಬೇಕಾದಾಗ, ಈ ಕಿಣ್ವವನ್ನು ಹಿಮ್ಮುಖವಾಗಿ ದುಡಿಸಿದರು. ಬೆಸುಗೆಯಾದ ವಸ್ತು ನೀರಿನಲ್ಲಿ ಕರಗದೆ ಗಸಿಯಾಗಿ ಕೆಳಗಿಳಿಯುವುದರಿಂದ ಕ್ರಿಯೆ ಮುಂದುವರಿಯುತ್ತಲೇ ಇರುತ್ತದೆ. ಬರಿಯ ರಸಾಯನದಿಂದ ಬೆಸೆದರೆ ತಪ್ಪು ಸ್ಥಾನದಲ್ಲಿ ಕೂಡಿದ ಕಹಿಯಾದ ವಸ್ತುವೂ ಜೊತೆಗೆ ಹುಟ್ಟುತ್ತದೆ. ಕಿಣ್ವ ಆ ತಪ್ಪನ್ನು ಮಾಡುವುದಿಲ್ಲ. ಹಾಲೆಂಡಿನಲ್ಲಿ 1980ರ ದಶಕದಲ್ಲಿ ಈ ವಿಧಾನದ ಕಾರ್ಖಾನೆಯೇ ಎದ್ದಿತು.

ಈ ಕಿಣ್ವಗಳು ಕುದಿಯಲ್ಲಿ ಏಕೆ ಕೆಡುವುದಿಲ್ಲ? ಇದಕ್ಕೆ ಯಾವುದೋ ಒಂದೇ ಗುಟ್ಟು ಇಲ್ಲವೆನ್ನುತ್ತಾರೆ ಬಲ್ಲವರು. ಒಳಗಿನ ತುಂಬುವಿಕೆ ಇನ್ನಷ್ಟು ಬಿಗಿ, ಹೊರಗೆ ಜೋಲುವ ಕುಣಿಕೆಗಳು ಗಿಡ್ಡ, ಪರಸ್ಪರ ಸೆಳೆಯುವ ವಿದ್ಯುದಂಶಗಳ ಜೋಡಿ ಹೆಚ್ಚು. ಕೆಲವಕ್ಕೆ ನಡುವೆ ಸುಣ್ಣದ ಅಣುವಿನ ಬೆಣೆ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿ ನಿಂತ ಹಳೆಯ ಗುಡಿಯಂತೆ ಇವುಗಳ ಕಟ್ಟಡ. ಸಾಮಗ್ರಿ ಎಲ್ಲರದೂ ಒಂದೇ, ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು, ಜೋಡಣೆಯಲ್ಲಿದೆ ಬಾಳಿಕೆ. ಕಾವ್ಯವನ್ನು ಓದುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರವರೆಗಿನ ಕಥೆ ಬೇಕೆಂದು ಹುಡುಕಿದವರದು. ಇನ್ನು ಬೇಡದೆ ಪಡೆದವರ ಕಥೆ.

ಹಿಮಾಚಲದ ಮಣಿಕರಣದಲ್ಲಿ ಬುಗ್ಗೆಯ ನೀರಿಗೆ ಅಕ್ಕಿಯ ಗಂಟನ್ನು ಇಳಿಬಿಟ್ಟು ಅನ್ನ ಮಾಡಿಕೊಳ್ಳುತ್ತಾರೆ. ಅಂಥ ನೀರಿನಲ್ಲಿ ಜೀವವಿದ್ದೀತೆಂದು ಯಾತ್ರಿಕನಿಗೆ ಹೊಳೆಯುವುದಿಲ್ಲ. ವಿಜ್ಞಾನಿಗಳಿಗೂ ಬಹುಕಾಲ ಹೊಳೆಯಲಿಲ್ಲ. 1872ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಅಮೆರಿಕದ ಯೆಲ್ಲೋಸ್ಟೋನಿಗೆ 1964ರಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಹೋದ. ಬುಗ್ಗೆಗಳಿಂದ ಹರಿದು ಬರುವ ಬಿಸಿನೀರಿನ ಕಾಲುವೆಗಳಲ್ಲಿ ಹಳದಿ, ಕಿತ್ತಳೆ, ಹಸಿರು ಬಣ್ಣದ ಜೀವರಾಶಿಯನ್ನು ಕಂಡು ಬೆರಗಾದ. ಜೀವ ಎಷ್ಟು ಬಿಸಿಯವರೆಗೆ ಬದುಕಬಲ್ಲುದು ಎಂಬ ಪ್ರಶ್ನೆ ಅವನನ್ನು ಹಿಡಿಯಿತು. ಸೂರ್ಯನ ಬೆಳಕನ್ನು ಉಣ್ಣುವ ಜೀವಿಗಳು ಸುಮಾರು 73 ಡಿಗ್ರಿಯಲ್ಲಿ ನಿಂತುಹೋಗುವುದನ್ನು ಅವನು ಕಂಡ. ಆದರೆ ಅದಕ್ಕಿಂತ ಬಿಸಿಯಾದ, 80 ಡಿಗ್ರಿಯನ್ನು ದಾಟಿದ ನೀರಿನಲ್ಲಿಯೂ ನಸುಗೆಂಪು ಎಳೆಗಳು ತೇಲಾಡುತ್ತಿದ್ದುವು.

ಅಲ್ಲಿಯವರೆಗೆ ಶಾಖಪ್ರಿಯ ಬ್ಯಾಕ್ಟೀರಿಯಗಳನ್ನು ಹುಡುಕುವವರು ತಮ್ಮ ಶಾಖಪೆಟ್ಟಿಗೆಯನ್ನು 55 ಅಥವಾ 60 ಡಿಗ್ರಿಗೆ ಇಡುತ್ತಿದ್ದರು; ಆ ಬಿಸಿಯನ್ನು ಬಯಸುವವಷ್ಟೇ ಅವರಿಗೆ ದೊರೆಯುತ್ತಿದ್ದುವು. ಜೀವಕ್ಕೆಂದು ತಿಳಿದ ಗಡಿ ನಿಜವಾಗಿ ಪೆಟ್ಟಿಗೆಯ ಗಡಿಯಾಗಿತ್ತು. ಬ್ರಾಕ್ ಮತ್ತು ಅವನ ವಿದ್ಯಾರ್ಥಿ ಹಡ್ಸನ್ ಫ್ರೀಜ್ (ಹೆಪ್ಪುಗಟ್ಟುವುದೆಂಬ ಅರ್ಥದ ಹೆಸರಿನವನು ಕುದಿನೀರಿನ ಕೆಲಸಕ್ಕೆ ಬಂದದ್ದು ವಿನೋದವೇ ಸರಿ) ಪೆಟ್ಟಿಗೆಯನ್ನು 70 ಡಿಗ್ರಿಗೂ ಮೇಲೆ ಏರಿಸಿದರು. 1966ರಲ್ಲಿ ಮಷ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯಿಂದ ತಂದ ಮಾದರಿಯಲ್ಲಿ ಹೊಸದೊಂದು ಬ್ಯಾಕ್ಟೀರಿಯ ಬೆಳೆಯಿತು. 1969ರಲ್ಲಿ ಅದಕ್ಕೆ ‘ಥರ್ಮಸ್ ಅಕ್ವಾಟಿಕಸ್’ ಎಂದು ನಾಮಕರಣ ಮಾಡಿ ಪ್ರಕಟಿಸಿದರು. ಸ್ವಾರಸ್ಯವೇನೆಂದರೆ ಇದೇ ಜೀವಿ ಅವರ ವಿಶ್ವವಿದ್ಯಾಲಯದ ಬಿಸಿನೀರಿನ ನಲ್ಲಿಯಲ್ಲಿಯೂ ದೊರೆಯಿತು. ಮನೆಯ ನಲ್ಲಿಯಲ್ಲಿದ್ದುದನ್ನು ಕಾಣಲು ಯೆಲ್ಲೋಸ್ಟೋನಿಗೆ ಹೋಗಿಬಂದ ಕಣ್ಣು ಬೇಕಾಯಿತು.

ಈ ಶೋಧನೆಯಿಂದ ಏನು ಪ್ರಯೋಜನವೆಂದು ಆಗ ಯಾರಾದರೂ ಕೇಳಿದ್ದರೆ ಕೈಯೆತ್ತಿ ತೋರಿಸಲು ಏನೂ ಇರಲಿಲ್ಲ. ಬ್ರಾಕ್ ಮಾಡಿದ್ದು ಇಷ್ಟು: ಆ ಜೀವಿಯ ಬೀಜವನ್ನು ಅಮೆರಿಕದ ಸೂಕ್ಷ್ಮಜೀವಿ ಭಂಡಾರದಲ್ಲಿ, ಬೇಕಾದ ವಿದ್ವಾಂಸರಿಗೆ ದೊರೆಯುವಂತೆ, ಇಡಿಸಿದ. 1976ರಲ್ಲಿ ಸಿನ್ಸಿನಾಟಿಯ ಆಲಿಸ್ ಚಿಯೆನ್, ಡೇವಿಡ್ ಎಡ್ಗರ್, ಜಾನ್ ಟ್ರೆಲಾ ಎಂಬುವರು ಅದರಿಂದ ಡಿ.ಎನ್.ಎ.ಯ ಪ್ರತಿಯನ್ನು ಬರೆಯುವ ಕಿಣ್ವವನ್ನು ಬೇರ್ಪಡಿಸಿ, 80 ಡಿಗ್ರಿಯಲ್ಲಿ ಅದು ಅತ್ಯಂತ ಚುರುಕಾಗಿರುವುದನ್ನು ತೋರಿಸಿದರು. ಅದೂ ಗ್ರಂಥಾಲಯದ ಕಪಾಟನ್ನು ಸೇರಿತು.

1983ರಲ್ಲಿ ಕ್ಯಾಲಿಫೋರ್ನಿಯದ ಸೀಟಸ್ ಕಂಪನಿಯ ಕ್ಯಾರಿ ಮುಲ್ಲಿಸ್ ಒಂದು ಉಪಾಯವನ್ನು ಕಂಡ. ಡಿ.ಎನ್.ಎ.ಯ ಎರಡೆಳೆಗಳನ್ನು ಸುಮಾರು 95 ಡಿಗ್ರಿ ಶಾಖದಲ್ಲಿ ಬಿಡಿಸುವುದು, ತಣಿಸಿ, ಬೇಕಾದ ಭಾಗದ ಎರಡು ತುದಿಗಳಿಗೆ ಗುರುತಿನ ಚಿಕ್ಕ ತುಣುಕುಗಳನ್ನು ಅಂಟಿಸುವುದು, ಕಿಣ್ವದಿಂದ ಆ ಭಾಗಕ್ಕೆ ಪ್ರತಿಯನ್ನು ಬರೆಸುವುದು, ಮತ್ತೆ ಕಾಯಿಸುವುದು. ಪ್ರತಿ ಸುತ್ತಿಗೂ ಇಮ್ಮಡಿ. ಒಂದಿದ್ದುದು ಮೂವತ್ತು ಸುತ್ತಿನಲ್ಲಿ ನೂರು ಕೋಟಿಯನ್ನು ದಾಟುತ್ತದೆ. ಆದರೆ ಅವರ ಕೈಯಲ್ಲಿದ್ದ ಸಾಧಾರಣ ಬ್ಯಾಕ್ಟೀರಿಯದ ಕಿಣ್ವ ಪ್ರತಿ ಸಲ ಕಾಯಿಸಿದಾಗಲೂ ಸಾಯುತ್ತಿತ್ತು. ಸುತ್ತುಸುತ್ತಿಗೂ ಹೊಸದನ್ನು ಹಾಕಬೇಕಾಗಿತ್ತು. ಹಾಲು ಕಾಯಿಸುವವನಿಗೆ ವರವಾಗಿದ್ದುದು ಇಲ್ಲಿ ಶಾಪವಾಯಿತು. ಆಗ ಕಪಾಟಿನಲ್ಲಿದ್ದ 1976ರ ಲೇಖನವೂ ಭಂಡಾರದಲ್ಲಿದ್ದ ಬೀಜವೂ ನೆನಪಾದುವು. ‘ಟ್ಯಾಕ್’ ಎಂದು ಹೆಸರಾದ ಆ ಕಿಣ್ವವನ್ನು ಒಮ್ಮೆ ಹಾಕಿದರೆ ಸಾಕು, ಕೊನೆಯ ಸುತ್ತಿನವರೆಗೂ ಬಾಳಿತು. 1988ರಲ್ಲಿ ಆ ವಿಧಾನ ಪ್ರಕಟವಾಯಿತು. ಪಿ.ಸಿ.ಆರ್. ಎಂಬ ಮೂರಕ್ಷರ ವಿಶ್ವವಿಖ್ಯಾತವಾಯಿತು. 1991ರಲ್ಲಿ ಅದರ ಹಕ್ಕುಗಳು ಸ್ವಿಟ್ಜರ್ಲೆಂಡಿನ ಹಾಫ್‌ಮನ್-ಲಾ ರೋಶ್ ಕಂಪನಿಗೆ 30 ಕೋಟಿ ಡಾಲರಿಗೆ ಹೋದುವು. 1993ರಲ್ಲಿ ಮುಲ್ಲಿಸನಿಗೆ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. 2020ರಲ್ಲಿ ಮಹಾಮಾರಿ ಎರಗಿದಾಗ ಊರೂರಿನಲ್ಲಿ ಜನ ಗಂಟಲು ದ್ರವವನ್ನು ಕೊಟ್ಟು ಫಲಿತಾಂಶಕ್ಕಾಗಿ ಕಾದರಲ್ಲವೇ? ಆ ಪರೀಕ್ಷೆಯ ಒಳಗಿದ್ದುದು ಕುದಿಯುವಷ್ಟು ಕಾಯಿಸಿದರೂ ಕೆಡದ ಇಂಥ ಕಿಣ್ವವೇ.

ಇಷ್ಟೆಲ್ಲ ಹಣದಲ್ಲಿ ಬುಗ್ಗೆಯ ಒಡೆಯರಾದ ಸಾರ್ವಜನಿಕರಿಗೆ, ಎಂದರೆ ಯೆಲ್ಲೋಸ್ಟೋನ್ ಉದ್ಯಾನಕ್ಕೆ, ಪಾಲು ಬರಲಿಲ್ಲ. ಬ್ರಾಕನೂ ಅದರಿಂದ ಶ್ರೀಮಂತನಾಗಲಿಲ್ಲ, 2021ರಲ್ಲಿ ತೀರಿಕೊಂಡ. ಇದರಿಂದ ಎಚ್ಚೆತ್ತ ಉದ್ಯಾನದವರು 1997ರಲ್ಲಿ ಮತ್ತೊಂದು ಕಂಪನಿಯೊಡನೆ ಲಾಭದಲ್ಲಿ ಪಾಲು ಕೇಳುವ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ 1992ರ ರಿಯೋ ಸಮ್ಮೇಳನದಲ್ಲಿ ಜೀವವೈವಿಧ್ಯದ ಒಡಂಬಡಿಕೆಗೆ ದೇಶಗಳು ಸಹಿ ಹಾಕತೊಡಗಿದ್ದುವು. ಭಾರತವೂ 2002ರಲ್ಲಿ ತನ್ನ ಜೀವವೈವಿಧ್ಯ ಕಾಯಿದೆಯನ್ನು ಮಾಡಿತು. ಇದು ನ್ಯಾಯವೇ. ತನ್ನ ನೆಲದ ಬೀಜವನ್ನು ಬೇರೆಯವರು ಒಯ್ದು ಬೆಳೆದು ತನಗೇ ಮಾರುವುದನ್ನು ಯಾವ ರೈತನೂ ಸಹಿಸಲಾರ.

ಆದರೆ ಇಲ್ಲಿ ಒಂದು ಎಚ್ಚರವೂ ಬೇಕೆಂದು ನನಗೆ ತೋರುತ್ತದೆ. ಪಾಲಿನ ಲೆಕ್ಕದಲ್ಲಿ ಭಂಡಾರದ ಬಾಗಿಲು ಮುಚ್ಚಬಾರದು. ಬ್ರಾಕ್ ತನ್ನ ಬೀಜವನ್ನು ಬಚ್ಚಿಟ್ಟಿದ್ದರೆ 1976ರ ಲೇಖನ ಹುಟ್ಟುತ್ತಿರಲಿಲ್ಲ. ಆ ಲೇಖನವಿಲ್ಲದಿದ್ದರೆ ಮುಲ್ಲಿಸನ ಉಪಾಯ ಸುತ್ತುಸುತ್ತಿಗೂ ಕಿಣ್ವ ಹೊಯ್ಯುವ ತಾಪತ್ರಯದಲ್ಲಿಯೇ ಎಷ್ಟು ಕಾಲ ನಿಂತಿರುತ್ತಿತ್ತೋ. ಹಳೆಯ ಗ್ರಂಥಗಳಿಗೆ ಪಾಠಾಂತರ ಕೂಡಿಸುವ ಕೆಲಸದಲ್ಲಿ ಆಯುಷ್ಯ ಸವೆಸಿದ ನನ್ನಂಥವರಿಗೆ ಈ ಮಾತು ಅಪರಿಚಿತವಲ್ಲ. ಓದುವವರಿಲ್ಲದ ಕಾಲದಲ್ಲಿಯೂ ಓಲೆಗರಿಯನ್ನು ಪ್ರತಿಮಾಡಿ ಇಟ್ಟವನು ಯಾರಿಗಾಗಿ ಇಟ್ಟ? ಮುಂದೆ ಬರುವ, ತಾನು ಕಾಣದ ಓದುಗನಿಗಾಗಿ. ಇದರಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಆ ಪ್ರತಿಕಾರನಲ್ಲಿಯೂ ಉತ್ತರವಿರಲಿಲ್ಲ, ಬ್ರಾಕನಲ್ಲಿಯೂ ಇರಲಿಲ್ಲ. ಇಂಥ ಉತ್ತರವಿಲ್ಲದ ಕೆಲಸಕ್ಕೆ ಹಣವನ್ನೂ ಅವಕಾಶವನ್ನೂ ಕೊಡುವ ಔದಾರ್ಯ ಒಂದು ಸಮಾಜದಲ್ಲಿ ಉಳಿದಿದೆಯೇ ಎಂಬುದರಿಂದ ಅದರ ನಾಳೆಯನ್ನು ಅಳೆಯಬಹುದು.

ನಮ್ಮ ಹಿರಿಯರು ಮನುಷ್ಯ ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದರು: ದೇವಋಣ, ಪಿತೃಋಣ, ಋಷಿಋಣ. ಇವುಗಳಲ್ಲಿ ಋಷಿಋಣ ತೀರುವುದು ಹಣದಿಂದಲ್ಲ, ಅಧ್ಯಯನದಿಂದ. ಮಷ್ರೂಮ್ ಸ್ಪ್ರಿಂಗಿನಿಂದ ಬಂದ ಆ ಬ್ಯಾಕ್ಟೀರಿಯ ಅಮೆರಿಕದ ಭಂಡಾರದ ಪಟ್ಟಿಯಲ್ಲಿ 25104 ಎಂಬ ಸಂಖ್ಯೆಯಡಿ ಇದೆ. ಅದರ ಇನ್ನೊಂದು ಕಿಣ್ವವನ್ನು ಕುರಿತು, ಸದ್ಯಕ್ಕೆ ಯಾರಿಗೂ ಬೇಡವಾದ ಪ್ರಶ್ನೆಯೊಂದನ್ನು ಎತ್ತಿಕೊಂಡು ಯಾವನೋ ವಿದ್ಯಾರ್ಥಿ ಈ ಹೊತ್ತೂ ಕುಳಿತಿದ್ದರೆ, ಋಣ ಸಂದಾಯವಾಗುತ್ತಿದೆಯೆಂದೇ ತಿಳಿಯಬೇಕು.